ಪ್ಲಗಿನ್ನಿಗೆ ಮನು ಬರೆದ ಮಾವ

೧೯೯೭ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಾರನೆಯ ದಿನವೇ ಹರೂರಿನ ಒಬ್ಬ ಖಾಸಗಿ ಸರ್ವೇಯರ್ ಹತ್ತಿರ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿಕೊಂಡೆ. ಅಪ್ಪನ ಕಾಲು ಮುರಿದಿತ್ತು, ಮನೆಗೆ ಇನ್ನೊಂದು ದುಡಿಯುವ ಕೈ ಬೇಕಿತ್ತು, ಅಷ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನ ಅಂಗಡಿಗೆ ನಕ್ಷೆ ಮಾಡಿಸಲು ಬರುವವರು ಕೂತ ತಕ್ಷಣ ಗೋಡೆಯ ಮೇಲೆ ಡಿಗ್ರಿ ಸರ್ಟಿಫಿಕೇಟು ಹುಡುಕುತ್ತಾರೆ. ಅಲ್ಲಿ ಇರುವುದು ಕ್ಯಾಲೆಂಡರ್ ಮಾತ್ರ. ಹದಿನಾರು ವರ್ಷ ಸರಪಳಿ ಎಳೆದು, ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಮುಳ್ಳನ್ನೆಲ್ಲ ಅಂಗಾಲಿಗೆ ಚುಚ್ಚಿಸಿಕೊಂಡು, ಆಮೇಲೆ ಕಂಪ್ಯೂಟರ್ ಕಲಿತು ಸ್ವಂತ ಅಂಗಡಿ ಹಾಕಿದವನು ನಾನು. ಮನೆಯಲ್ಲಿ ಆಡುವ ಕನ್ನಡಕ್ಕೆ ಅಕ್ಷರ ಕಲಿತದ್ದೂ ಶಾಲೆಯಲ್ಲಲ್ಲ. ಕೊಳ್ಳೇಗಾಲದ ಕಡೆ ಮೂರು ವರ್ಷ ಅಳತೆಗೆ ಹೋಗುತ್ತಿದ್ದಾಗ ಬಸ್ಸಿನ ಬೋರ್ಡು ಓದಿ ಓದಿ ಕಲಿತೆ.

ಬರೆಯಲು ಕೂತದ್ದು ನನ್ನ ಬಗ್ಗೆ ಅಲ್ಲ. ನನ್ನ ಅಂಗಡಿಯ ಜಗಲಿಯಲ್ಲಿ ಆರು ವರ್ಷ ಕೂತಿದ್ದು, ಹೋದ ವರ್ಷ ತೀರಿಕೊಂಡ ಒಬ್ಬರ ಬಗ್ಗೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇನಿಷಿಯಲ್ ಎಲ್ಲಿ, ತಂದೆಯ ಹೆಸರೆಲ್ಲಿ, ಅಂಚೆ, ತಾಲೂಕು ಯಾಕೆ ಬಿಟ್ಟೆ ಎಂದು ಎಲ್ಲಿದ್ದರೂ ಈ ಕಾಗದವನ್ನು ವಾಪಸ್ಸು ಕಳಿಸಿಯಾರು. ರಕ್ತಸಂಬಂಧ ಇಲ್ಲದಿದ್ದರೂ ನಾನು ಅವರನ್ನು ಮಾವ ಎನ್ನುತ್ತಿದ್ದೆ, ಅವರು ನನ್ನನ್ನು ಅಳಿಯ ಎನ್ನುತ್ತಿದ್ದರು. ಹರೂರಿನಂಥ ಊರಿನಲ್ಲಿ ಇಬ್ಬರು ಕನ್ನಡ ಮಾತಾಡುವವರು ಎದುರಾದರೆ ಸಂಬಂಧ ತಾನೇ ಹುಟ್ಟಿಕೊಳ್ಳುತ್ತದೆ.

ಅವರ ಕಸುಬು ಮನು ಬರೆಯುವುದು. ನಮ್ಮ ಕಡೆ ಸರ್ಕಾರಕ್ಕೆ ಕೊಡುವ ಅರ್ಜಿಗೆ ಮನು ಎನ್ನುತ್ತಾರೆ. ತಾಲೂಕು ಕಚೇರಿಯ ಮುಂದಿನ ಹುಣಸೆ ಮರದ ಕೆಳಗೆ ಮೂವತ್ತು ವರ್ಷ ಕೂತು ವಿಧವಾ ವೇತನ, ಪಟ್ಟಾ, ಬೀದಿ ದೀಪ, ಕಳೆದುಹೋದ ಹಸು, ಎಲ್ಲದಕ್ಕೂ ಮನು ಬರೆದಿದ್ದರು. ಆಮೇಲೆ ಅರ್ಜಿಗಳು ಕಂಪ್ಯೂಟರಿಗೆ ಹೋದವು, ಹುಣಸೆ ಮರ ರಸ್ತೆ ಅಗಲ ಮಾಡಲು ಹೋಯಿತು. ಅವರು ತಮ್ಮ ಮಡಿಸುವ ಮೇಜು, ನಾಲ್ಕು ಪೆನ್ನು, ಕಾರ್ಬನ್ ಕಾಗದ ಎತ್ತಿಕೊಂಡು ನೇರ ನನ್ನ ಜಗಲಿಗೆ ಬಂದರು. ಕೇಳಲಿಲ್ಲ. ಬಾಯಿಂದ ಕೇಳುವುದು ಅವರಿಗೆ ಅಭ್ಯಾಸವೇ ಇರಲಿಲ್ಲ. ಒಂದು ಮನು ಬರೆದು ಕೊಟ್ಟರು. ಅನುಪ್ಪುನರ್, ಅಂದರೆ ಕಳಿಸುವವರು, ಎಂದು ಮೇಲೆ ಅವರ ಹೆಸರು, ಪೆರುನರ್, ಅಂದರೆ ಪಡೆಯುವವರು, ಎಂದು ಕೆಳಗೆ ನನ್ನ ಹೆಸರು, ವಿಷಯ: ಜಗಲಿಯಲ್ಲಿ ನಾಲ್ಕಡಿ ಜಾಗ ಕೋರಿ. ನಾನು ನಗುತ್ತಾ ಸರಿ ಎಂದೆ.

"ಬಾಯ್ಮಾತು ಬ್ಯಾಡ ಅಳಿಯ. ಎಳುತಿ ಕೊಡು," ಎಂದರು. ಬರೆದು ಕೊಟ್ಟೆ.

ಯಾವ ಕಾಗದ ಕೈಗೆ ಬಂದರೂ ಮೊದಲು ಹಿಂದುಗಡೆ ತಿರುಗಿಸಿ ನೋಡುವುದು ಅವರ ಪದ್ಧತಿ. ಅಧಿಕಾರಿಗಳು ನಿಜವಾದ ಮಾತು ಬರೆಯುವುದು ಹಿಂದುಗಡೆ ಪೆನ್ಸಿಲಿನಲ್ಲಿ ಎಂದು ಅವರ ನಂಬಿಕೆ. ಮದುವೆ ಪತ್ರಿಕೆಯನ್ನೂ ಹಾಗೆಯೇ ತಿರುಗಿಸಿ ನೋಡುತ್ತಿದ್ದರು. ಹೋಟೆಲಿನಲ್ಲಿ ಊಟದ ಬಾಳೆಲೆಯನ್ನು ತಿರುಗಿಸಿ ನೋಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ನಕ್ಷೆ ಮಾಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುವಂಥದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೇರೆ ಬೇರೆ ಕೆಲಸಕ್ಕೆ ಅದರ ಮೇಲೆ ಸಣ್ಣ ಸಣ್ಣ ಸಲಕರಣೆ ಸೇರಿಸಿಕೊಳ್ಳಬೇಕು, ಟ್ರ್ಯಾಕ್ಟರ್ ಹಿಂದೆ ಕಲ್ಟಿವೇಟರ್, ರೋಟವೇಟರ್ ಸಿಕ್ಕಿಸುವ ಹಾಗೆ. ಅವಕ್ಕೆ ಪ್ಲಗಿನ್ ಎನ್ನುತ್ತಾರೆ. ಯಾವ್ಯಾವುದೋ ದೇಶದ ಪುಣ್ಯಾತ್ಮರು ಬಿಡುವಿನ ಹೊತ್ತಿನಲ್ಲಿ ಮಾಡಿ ಇಟ್ಟಿರುತ್ತಾರೆ. ಬಂದರೆ ಬಂತು. ಬರದಿದ್ದರೆ ಪರದೆಯ ತುಂಬ ಇಂಗ್ಲಿಷಿನಲ್ಲಿ ಮೂವತ್ತು ಸಾಲು ತಪ್ಪು ಬರುತ್ತದೆ, ನೋಡಿದರೆ ಜ್ವರ ಬರಬೇಕು.

ಮಾವ ಜಗಲಿಗೆ ಬಂದ ಎರಡನೇ ವಾರ ಅಂಥ ಮೂವತ್ತು ಸಾಲು ಬಂದಿತ್ತು. ನಾನು ಮೊದಲ ಸಾಲಿನಿಂದ ಓದಿ ಐದನೆಯದಕ್ಕೆ ಸುಸ್ತಾಗಿ ಕಂಪ್ಯೂಟರನ್ನು ಬಯ್ಯುತ್ತಿದ್ದೆ. ಅವರು ನೀರು ಕುಡಿಯಲು ಒಳಗೆ ಬಂದರು.

"ಯಾಕ್ಲಾ ಪಾಪ ಅದನ್ನ ಬೈತೀಯ? ಏನಂತೆ?"

"ಪ್ಲಗಿನ್ ಬರ್ತಾ ಇಲ್ಲ ಮಾವ. ಏನೇನೋ ಅರಚ್ತಾ ಐತೆ."

ಅವರು ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೆ ತಳ್ಳಿ, ಪರದೆಯ ಹಿಂದುಗಡೆ ಒಮ್ಮೆ ಬಗ್ಗಿ ನೋಡಿ, ಆಮೇಲೆ ಮುಂದೆ ಬಂದು ನಿಂತರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲರು, ಅರ್ಥ ಅಷ್ಟಕ್ಕಷ್ಟೆ.

"ಕೊನೇ ಸಾಲು ಓದು," ಎಂದರು.

"ಮೊದ್ಲಿಂದ ಓದ್ಬೇಕಲ್ವಾ?"

"ಮ್ಯಾಲಿನೋರೆಲ್ಲ ಫೈಲು ತಳ್ದೋರು ಕಣ್ಲಾ. ಒಬ್ಬ ಇನ್ನೊಬ್ನ ಮೇಜಿಗೆ, ಅವ್ನು ಮತ್ತೊಬ್ನ ಮೇಜಿಗೆ. ತಡ್ದೋನು ಕಡೇಲಿ ಕುಂತವ್ನೆ. ಅವನ್ನ ಕೇಳು."

ಕೊನೆಯ ಸಾಲಿನಲ್ಲಿ ಯಾವುದೋ ಒಂದು ತುಂಡು ಸಿಗಲಿಲ್ಲ ಎಂದಿತ್ತು. "ಇಣೈಪ್ಪು ಇಲ್ಲ," ಎಂದರು ಮಾವ. ಇಣೈಪ್ಪು ಎಂದರೆ ಲಗತ್ತು. ಮನುವಿನ ಜೊತೆ ಲಗತ್ತಿಸಬೇಕಾದ ರೇಷನ್ ಕಾರ್ಡಿನ ನಕಲು ಇಲ್ಲದಿದ್ದ ಹಾಗೆ. ಆ ತುಂಡನ್ನು ಬೇರೆಯಾಗಿ ತಂದು ಹಾಕಿದೆ. ಪ್ಲಗಿನ್ ಬಂತು. ನನಗೆ ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಿರಲಿಲ್ಲ, ಕಲಿಸಲು ನಾನು ಹೋಗಿಯೂ ಇರಲಿಲ್ಲ. ಬಿಇ ಓದಿದ ಹುಡುಗರೂ ಮೊದಲ ಸಾಲಿನಿಂದಲೇ ಓದಿ ತಲೆ ಕೆರೆದುಕೊಳ್ಳುವುದನ್ನು ಆಮೇಲೆ ನೋಡಿದ್ದೇನೆ.

ಅಂದಿನಿಂದ ನನ್ನ ಅಂಗಡಿಯ ತಪ್ಪುಗಳಿಗೆಲ್ಲ ಮಾವನೇ ವೈದ್ಯರಾದರು. ಒಂದು ಉದ್ದ ರಿಜಿಸ್ಟರ್ ಇಟ್ಟರು. ಕ್ರಮ ಸಂಖ್ಯೆ, ಪ್ಲಗಿನ್ನಿನ ಹೆಸರು, ತಿರಸ್ಕಾರದ ಕಾರಣ, ಕೈಗೊಂಡ ಕ್ರಮ. ಒಮ್ಮೆ ಯಾವ ಪ್ಲಗಿನ್ನೂ ಇಳಿಯದಾಯಿತು. ಭದ್ರತೆಯ ಪ್ರಮಾಣಪತ್ರ ಸರಿಯಿಲ್ಲ ಎಂಬ ಮಾತು. ಇಂಟರ್ನೆಟ್ಟಿನವನಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಮಾವ ಬಂದು ಪರದೆಯ ಕೆಳಗಿನ ಮೂಲೆಗೆ ಬೆರಳಿಟ್ಟರು.

"ಇವತ್ತು ಯಾವ ವರ್ಸ ಅಳಿಯ?"

ಕಂಪ್ಯೂಟರಿನೊಳಗಿನ ಗುಂಡು ಬ್ಯಾಟರಿ ಸತ್ತು, ಅದು ಹತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತಿತ್ತು. ಇನ್ನೂ ಹುಟ್ಟದ ಪ್ರಮಾಣಪತ್ರವನ್ನು ಅದು ಹೇಗೆ ಒಪ್ಪೀತು? "ತೇದಿ ಆಕ್ದಿರೋ ಮನೂನ ಯಾವನ್ಲಾ ತಗಂತಾನೆ?" ಎಂದು ಬೈದು ರಿಜಿಸ್ಟರಿನಲ್ಲಿ ಬರೆದುಕೊಂಡರು.

ಇನ್ನೊಮ್ಮೆ ಜಿಪ್ ಕಡತದಿಂದ ಹಾಕಬೇಕಾದ ಪ್ಲಗಿನ್. ಏನು ಮಾಡಿದರೂ ಒಳಗೆ ವಿವರದ ಕಡತವೇ ಇಲ್ಲ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರು, ಅದರೊಳಗೆ ಎಲ್ಲ ಭದ್ರವಾಗಿತ್ತು. "ಕವರ್ ಒಳ್ಗೆ ಕವರ್ ಆಕಿ ಕಳ್ಸವ್ನೆ. ತಪಾಲ್ ಗುಮಾಸ್ತ ಒಂದೇ ಕವರ್ ಅರಿಯೋದು, ಎರಡ್ನೇದು ಅವ್ನ ಡ್ಯೂಟಿ ಅಲ್ಲ," ಎಂದರು. ಹೊರಗಿನ ಫೋಲ್ಡರು ತೆಗೆದು ಮತ್ತೆ ಕಟ್ಟಿದೆ. ಬಂತು.

ಅವರು ಮಿತಿ ಮೀರಿದ್ದೂ ಉಂಟು. ಇಳಿಜಾರು ಲೆಕ್ಕ ಹಾಕುವ ಒಂದು ಪ್ಲಗಿನ್ ನಿಜಕ್ಕೂ ಕೆಟ್ಟಿತ್ತು, ತಪ್ಪು ನಮ್ಮದಲ್ಲ, ಮಾಡಿದವನದು. ಹಾಗಾದರೆ ಅವನಿಗೇ ಮನು ಕೊಡಬೇಕು ಎಂದು ಕೂತರು. ಉಯರ್‌ತಿರು ಅಯ್ಯಾ, ಅಂದರೆ ಮಾನ್ಯರೇ, ಎಂದು ಶುರುವಾಗಿ, ಅಯ್ಯಾ ಅವರು ಗೈಯುತ್ತಿರುವ ಲೋಕೋಪಕಾರದ ಕೆಲಸವನ್ನು ಹರೂರು ತಾಲೂಕಿನ ಜನ ಎಂದೂ ಮರೆಯರು ಎಂದು ಮುಂದುವರಿದು, ಎರಡು ಪುಟ. ಫೋನಿನಲ್ಲಿ ಇಂಗ್ಲಿಷ್ ಮಾಡಿಸಿ, ದೂರು ಹೇಳುವ ಪುಟದಲ್ಲಿ ಹಾಕಿದೆ. ಮೂರನೇ ದಿನ ಉತ್ತರ ಬಂತು. ಸರಿ ಮಾಡಿದ್ದೇನೆ, ಹೊಸದನ್ನು ಇಳಿಸಿಕೊಳ್ಳಿ ಎಂದು ಒಂದು ಸಾಲು, ಅದರ ಮುಂದೆ ಹಳದಿ ಬಣ್ಣದ ಹೆಬ್ಬೆರಳು.

ಮಾವ ಆ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು. ಮುಖ ಸಣ್ಣದಾಯಿತು.

"ಎಬ್ಬೆಟ್ಟು ಒತ್ತವ್ನೆ, ಪಾಪ. ಸೈನ್ ಆಕೋಕೆ ಬರಾಕಿಲ್ಲ. ನಿನ್ ತರಾನೇ ಅರ್ಧಕ್ಕೆ ಬುಟ್ಟವ್ನೆ ಅಳಿಯ, ಆದ್ರೂ ಏನ್ ಕೆಲಸ ಕಲ್ತವ್ನೆ ನೋಡು."

ನಾನು ತಿದ್ದಲಿಲ್ಲ. ನನಗೂ ಒಂದು ಥರ ಖುಷಿಯಾಗಿತ್ತು.

ಆ ಹಳೆಯ ಕಂಪ್ಯೂಟರ್ ಹೋಗಿ ಹೊಸದು ಬಂದ ದಿನ ಪೂಜೆ ಮಾಡಿದೆವು. ಮೊದಲ ಅಕ್ಷರ ಹಿರಿಯರೇ ಒತ್ತಲಿ ಎಂದು ಮಾವನನ್ನು ಕೂರಿಸಿದೆ. ತಮಿಳುನಾಡಿನಲ್ಲಿ ಏನು ಬರೆಯಲು ಕೂತರೂ ಕಾಗದದ ನೆತ್ತಿಯಲ್ಲಿ ಪಿಳ್ಳೈಯಾರ್ ಸುಳಿ ಹಾಕುತ್ತಾರೆ. ತಮಿಳಿನ ಉಕಾರದಂತೆ ಕಾಣುವ ಗಣಪತಿಯ ಗುರುತು. ಕಿರಾಣಿ ಚೀಟಿಗೂ ಹಾಕುತ್ತಾರೆ. ಮಾವ ಅದಿಲ್ಲದೆ ಒಂದು ಗೆರೆ ಎಳೆದವರಲ್ಲ. ಕಂಪ್ಯೂಟರ್ ಮಾರಿದವನು ತಮಿಳು ಕೀಬೋರ್ಡ್ ಹಾಕಿಕೊಟ್ಟಿದ್ದ. ಬಳಸುವವರ ಹೆಸರೇನು ಎಂದು ಅದು ಕೇಳಿತು. ಮಾವ ಹುಡುಕಿ ಹುಡುಕಿ ಸುಳಿಯನ್ನು ಒತ್ತಿದರು, ಆಮೇಲೆ ಕೈ ಮುಗಿದು ಎಂಟರ್ ಒತ್ತಿದರು. ಅಲ್ಲಿಗೆ ಆ ಕಂಪ್ಯೂಟರಿನ ಯಜಮಾನನ ಹೆಸರು ಬರೀ ಸುಳಿ ಎಂದಾಯಿತು. ನಮಗೆಲ್ಲ ಸಂತೋಷವೇ ಆಯಿತು. ಪ್ಲಗಿನ್ನುಗಳೂ ತಕರಾರಿಲ್ಲದೆ ಬರುತ್ತಿದ್ದವು.

ಇನ್ನು ಮಾದಮ್ಮನ ವಿಷಯ ಹೇಳಬೇಕು.

ಪಾಪಿರೆಡ್ಡಿಪಟ್ಟಿಯಿಂದಾಚೆ, ಏರ್ಕಾಡ್ ಬೆಟ್ಟದ ಬುಡದಲ್ಲಿ ಅವಳ ಹಟ್ಟಿ. ಅಲ್ಲಿಯ ಇಪ್ಪತ್ತಮೂರು ಹೆಂಗಸರು ಬೆಟ್ಟದ ಎಸ್ಟೇಟಿಗೆ ಮೆಣಸು, ಕಾಫಿ ಬಿಡಿಸಲು ಹೋಗುವವರು. ತಲೆಮಾರಿನಿಂದ ನಡೆದ ಕಾಲುದಾರಿ ಒಂದಿತ್ತು. ಸೇಲಂನ ಒಬ್ಬ ದೊಡ್ಡ ಮನುಷ್ಯ ಮಧ್ಯದ ಜಮೀನು ಕೊಂಡು, ರಜೆಯ ಮನೆ ಕಟ್ಟಿಸಿ, ಸುತ್ತ ಬೇಲಿ ಹಾಕಿದ. ದಾರಿ ಹೋಯಿತು. ಸುತ್ತಿಕೊಂಡು ಹೋದರೆ ಒಂದೂವರೆ ಗಂಟೆ. ಎಸ್ಟೇಟಿನ ಮೇಸ್ತ್ರಿ ಏಳು ಗಂಟೆಗೆ ಹೆಸರು ಕೂಗುತ್ತಾನೆ, ಆಗ ಇಲ್ಲದವರಿಗೆ ಅರ್ಧ ದಿನದ ಕೂಲಿ ಇಲ್ಲ. ಮಾವ ಈ ದಾರಿಗಾಗಿ ಎರಡು ವರ್ಷದಲ್ಲಿ ಹನ್ನೊಂದು ಮನು ಬರೆದಿದ್ದರು. ಹನ್ನೊಂದೂ ತಿರುಗಿ ಬಂದಿದ್ದವು, ಹನ್ನೆರಡನೆಯದು ಕಚೇರಿಯಲ್ಲಿತ್ತು. ಮಾವನ ಕೈಯಲ್ಲಿ ಅಷ್ಟು ಸಲ ಸೋತ ಕೆಲಸ ಬೇರೆ ಇರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಮಾದಮ್ಮ ಬಸ್ಸಿಳಿದು ಬಂದು ಜಗಲಿಯ ಮೇಲೆ ಕೂತಳು.

"ಅಣ್ಣಾ, ನೀ ಬರ್ದಿರೋ ಮನು ಎಲ್ಲ ತಂದು ಆ ಬೇಲಿ ಮ್ಯಾಲೆ ಆಸಿದ್ರೆ, ಅದ್ರ ಮ್ಯಾಲೆ ಒಳ್ಳಾಡ್ಕಂಡೇ ಆಕಡೀಕೆ ಓಗ್ಬೋದಾಗಿತ್ತು."

"ಆಸ್ಬೋದು ಕಣಮ್ಮ. ಅರೀದಂಗೆ ನೋಡ್ಕಬೇಕು, ಎಲ್ಲಕ್ಕೂ ರಸೀದಿ ಐತೆ."

"ರಸೀದಿ ಮೇಸ್ತ್ರಿಗೆ ತೋರ್ಸದಾ? ಈ ವಾರ ಮೂರ್ ದಿನ ಅರ್ಧ ಸಂಬ್ಳ ನನ್ಗೆ."

ಕಚೇರಿಯಿಂದ ಬಂತೆಂದು ಅವಳು ತಂದಿದ್ದ ಕಾಗದವನ್ನು ಮಾವ ತಿರುಗಿಸಿ, ಆಮೇಲೆ ಮುಂದಿನಿಂದ ಓದಿದರು. ಸೋಮವಾರ ಹನ್ನೊಂದು ಗಂಟೆಗೆ ಕೊನೆಯ ವಿಚಾರಣೆ. ಹಳೆಯ ಅಳತೆ ಪುಸ್ತಕದಲ್ಲಿ ಚುಕ್ಕಿ ಗೆರೆಯಾಗಿ ಇರುವ ದಾರಿಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದ ಡಿಜಿಟಲ್ ನಕ್ಷೆ ಬೇಕು. ಇಲ್ಲದಿದ್ದರೆ ಕಡತ ಮುಚ್ಚಲಾಗುವುದು.

ಮಾವ ನಾಲ್ಕೂ ಪೆನ್ನನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇದೂ ತಿರುಗಿ ಬಂದ್ರೆ ಇನ್ಮ್ಯಾಲೆ ಇವನ್ನ ಮುಟ್ಟಾಕಿಲ್ಲ. ಅಳಿಯ, ನಿನ್ ಕೈಲಿ ಆಯ್ತದಾ?"

"ಆಗದೆ ಏನು," ಎಂದೆ.

ಹಳೆಯ ಸರಪಳಿ ಲೆಕ್ಕದ ನಕ್ಷೆಯನ್ನು ಇವತ್ತಿನ ಮೀಟರಿಗೆ ತಿರುಗಿಸಿ ಕೂರಿಸಲು ಒಂದು ಪ್ಲಗಿನ್ ಇದೆ. ನಾನು ಅದುವರೆಗೆ ಬಳಸಿರಲಿಲ್ಲ. ಒತ್ತಿದೆ. ಕೆಂಪು ಪಟ್ಟಿ, ಮೂವತ್ತು ಸಾಲು. ಶುಕ್ರವಾರ ಪೂರ್ತಿ ಅದರಲ್ಲೇ ಹೋಯಿತು. ತೇದಿ ನೋಡಿದೆವು, ಸರಿ ಇತ್ತು. ಲಗತ್ತು ನೋಡಿದೆವು, ಇತ್ತು. ಕವರಿನೊಳಗೆ ಕವರ್ ಇರಲಿಲ್ಲ. ತೆಗೆದು ಮತ್ತೆ ಹಾಕಿದೆವು, ಮುಚ್ಚಿ ತೆರೆದೆವು, ಹಳೆಯ ಆವೃತ್ತಿ, ಹೊಸ ಆವೃತ್ತಿ ಎರಡೂ ಆಯಿತು. ಸೇಲಂನಲ್ಲಿ ಇಂಥದ್ದೇ ಕೆಲಸ ಮಾಡುವ ಒಬ್ಬನಿಗೆ ಫೋನ್ ಮಾಡಿದರೆ ತನ್ನ ಕಂಪ್ಯೂಟರಿನಲ್ಲಿ ಅರ್ಧ ನಿಮಿಷಕ್ಕೆ ಬಂತು ಎಂದ. ಅದು ಇನ್ನೂ ಉರಿಸಿತು. ಅವನ ಹತ್ತಿರವೇ ಮಾಡಿಸು ಎಂದು ಮಾದಮ್ಮ ಹೇಳಿದಳು. ನಾನು ಕೇಳಲಿಲ್ಲ. ಬೇಲಿ ಹಾಕಿದವನ ಪರವಾಗಿ ನಕ್ಷೆ ಮಾಡುತ್ತಿದ್ದವನೇ ಅವನು ಎಂದು ಅವಳಿಗೆ ಗೊತ್ತಿರಲಿಲ್ಲ, ಹಟ್ಟಿಯ ಹೆಸರು ಹೇಳಿದಾಗ ಅವನು ಫೋನಿನಲ್ಲಿ ನಕ್ಕದ್ದರಿಂದ ನನಗೆ ಗೊತ್ತಾಗಿತ್ತು.

ಶನಿವಾರ ಮಧ್ಯಾಹ್ನ ಮಾವ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಂತೆ ಕೂತರು. ಕೊನೆಯ ಸಾಲಿನ ಮೇಲೆ ಬೆರಳು ಒಂದೊಂದೇ ಅಕ್ಷರ ನಡೆಯಿತು. ಪ್ಲಗಿನ್ ಯಾವ ಫೋಲ್ಡರಿನಲ್ಲಿ ಕೂರಬೇಕು ಎಂಬ ವಿಳಾಸ ಅಲ್ಲಿತ್ತು. ಬೆರಳು ಒಂದು ಕಡೆ ನಿಂತಿತು. ಅಲ್ಲಿದ್ದದ್ದು ಪ್ರಶ್ನಾರ್ಥಕ ಚಿಹ್ನೆ.

"ಇದ್ಯಾರ್ಲಾ ಇಲ್ಲಿ ನಡುವೆ ಪ್ರಶ್ನೆ ಕೇಳ್ತಿರೋನು?"

"ಅದು ಎಸ್ರು ಇರ್ಬೇಕಾದ ಜಾಗ ಮಾವ. ಈ ಕಂಪ್ಯೂಟರ್ ಯಜಮಾನನ ಎಸ್ರು."

"ಯಜಮಾನ ಯಾರು?"

ಯಜಮಾನ ಪಿಳ್ಳೈಯಾರ್. ಹಳೆಯ ಕಾಲದ ಆ ಪ್ಲಗಿನ್ನಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ವಿಳಾಸದಲ್ಲಿ ಸುಳಿ ಕಂಡು ಇದೇನು ಎಂದು ಬಾಗಿಲಲ್ಲೇ ನಿಂತುಬಿಟ್ಟಿತ್ತು. ಉಳಿದ ಪ್ಲಗಿನ್ನುಗಳು ಓದಿಕೊಂಡವು, ಇದಕ್ಕೆ ಆಗಲಿಲ್ಲ.

ಮಾವ ಕನ್ನಡಕ ತೆಗೆದರು. ಹನ್ನೊಂದು ಮನುಗಳನ್ನು ಯಾವ್ಯಾವ ಮೇಜಿನವನೋ ತಡೆದಿದ್ದ. ಹನ್ನೆರಡನೆಯದನ್ನು ತಡೆದದ್ದು ಅವರ ಕೈಯಿಂದಲೇ ಹಾಕಿದ ಸುಳಿ.

"ಬೇರೆ ಎಸ್ರಲ್ಲಿ ಹೊಸ ಖಾತೆ ಮಾಡಿದ್ರೆ ಬತ್ತದೆ ಮಾವ. ಇಂಗ್ಲಿಷ್ ಅಕ್ಸರದಲ್ಲಿ."

"ಅಂದ್ರೆ ಪಿಳ್ಳಾರಪ್ಪನ್ನ ಮನೆಯಿಂದ ಆಚೆ ಆಕು ಅಂತೀಯ."

"ಆಚೆ ಯಾಕೆ? ಅವನ ಮನೆ ಅವನಿಗೇ ಇರ್ತದೆ. ನಾವು ಪಕ್ಕದಾಗೆ ಬೇರೆ ಮನೆ ಮಾಡ್ಕಂಡು ಓಗಣ."

"ಸುಳಿ ಇಲ್ದಂಗೆ ಶುರು ಮಾಡಿ ಯಾವ ಕೆಲಸ ಆಯ್ತದ್ಲಾ?"

"ಸುಳಿ ಇದ್ದೂ ಆನ್ನೊಂದು ಆಗ್ಲಿಲ್ವಲ್ಲಣ್ಣ," ಎಂದಳು ಮಾದಮ್ಮ. ಆವತ್ತೂ ಬಂದಿದ್ದ ಅವಳು ಮೂಲೆಯಲ್ಲಿ ಕೂತು ಬಜ್ಜಿ ತಿನ್ನುತ್ತಿದ್ದಳು.

ಮಾವ ಅವಳನ್ನು ಉರಿಯುವ ಕಣ್ಣಿನಿಂದ ನೋಡಿ ಜಗಲಿಗೆ ಹೋದರು. ಬಿಳಿ ಕಾಗದ ತೆಗೆದರು. ಮೇಜಿನ ಮೇಲಿಟ್ಟಿದ್ದ ಪೆನ್ನುಗಳಲ್ಲಿ ಒಂದನ್ನು ಎತ್ತಿಕೊಂಡರು. ಪೆರುನರ್: ಪಿಳ್ಳೈಯಾರ್, ಬಸ್ ನಿಲ್ದಾಣದ ಹಿಂಭಾಗ, ಹರೂರು. ವಿಷಯ: ಪ್ಲಗಿನ್ ಸ್ಥಾಪನೆಯ ಸಲುವಾಗಿ ತಮ್ಮನ್ನು ತಾತ್ಕಾಲಿಕವಾಗಿ ವಿಳಾಸದಿಂದ ಬಿಡುಗಡೆ ಮಾಡಲು ಅನುಮತಿ ಕೋರಿ. ಒಂದೂವರೆ ಪುಟ. ಇಪ್ಪತ್ತಮೂರು ಹೆಂಗಸರ ಹೆಸರನ್ನೂ ಬರೆದು, ಮೇಸ್ತ್ರಿ ಏಳು ಗಂಟೆಗೆ ಹೆಸರು ಕೂಗುವುದನ್ನೂ ಸೇರಿಸಿದರು. ನೆತ್ತಿಯಲ್ಲಿ ಸುಳಿ ಇತ್ತು. ಯಾರ ಹತ್ತಿರ ಅನುಮತಿ ಕೇಳುತ್ತಿದ್ದೇವೋ ಅವರ ಗುರುತನ್ನೇ ಹಾಕಿ ಕೇಳುವುದರಲ್ಲಿ ಅವರಿಗೆ ಏನೂ ವಿಚಿತ್ರ ಕಾಣಲಿಲ್ಲ.

ಮೂವರೂ ಗುಡಿಗೆ ನಡೆದೆವು. ಪೂಜಾರಿ ಕಾಗದ ತೆಗೆದುಕೊಂಡು ದೇವರ ಪಾದದ ಹತ್ತಿರ ಇಟ್ಟ. ಮಾವ ಕದಲಲಿಲ್ಲ.

"ಎನ್ನಂಗ?" ಎಂದ ಪೂಜಾರಿ, ಇನ್ನೇನು ಎನ್ನುವಂತೆ.

"ರಸೀದಿ."

ಗುಡಿಯಲ್ಲಿ ಸೀಲ್ ಇಲ್ಲ ಎಂದ ಪೂಜಾರಿ. ಸೀಲ್ ಇಲ್ಲದೆ ಹೇಗೆ ಎಂದರು ಮಾವ. ಹಿಂದೆ ತೆಂಗಿನಕಾಯಿ ಹಿಡಿದವರ ಸಾಲು ಬೆಳೆಯಿತು. ಕಡೆಗೆ ಪೂಜಾರಿ ಹೆಬ್ಬೆರಳನ್ನು ವಿಭೂತಿಗೆ ಅದ್ದಿ ನಕಲಿನ ಮೇಲೆ ಒತ್ತಿಕೊಟ್ಟ. ಮಾವ ಅದನ್ನು ತಿರುಗಿಸಿ ನೋಡಿ, ಊದಿ, ಮಡಿಸಿ ಜೇಬಿಗಿಟ್ಟರು.

ಅಂಗಡಿಗೆ ಬಂದು ಹೊಸ ಖಾತೆ ಮಾಡಿದೆ. ಬರೀ ಸರ್ವೆ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟೆ. ಪ್ಲಗಿನ್ ಒತ್ತಿದೆ. ಹಸಿರು ಪಟ್ಟಿ ಬಂತು, ಯಶಸ್ವಿಯಾಗಿ ಸ್ಥಾಪಿಸಲಾಯಿತು. ಟೀ ಬರುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾವ ಆ ಹಸಿರು ಸಾಲನ್ನು ಪ್ರಿಂಟ್ ಮಾಡು ಎಂದರು. ಯಾಕೆ ಎಂದು ಕೇಳಿದೆ. "ಇಣೈಪ್ಪು ನಾಲ್ಕು," ಎಂದರು.

ನಕ್ಷೆ ಕೂತಿತು. ಚುಕ್ಕಿ ಗೆರೆ ಹಟ್ಟಿಯಿಂದ ಹೊರಟು, ಬೇಲಿ ದಾಟಿ, ಜಮೀನಿನ ಮೂಲೆಯಲ್ಲಿ ಇರುವ ಕಾವಲುಗಾರನ ಕೋಣೆಯ ನಟ್ಟನಡುವೆ ನುಗ್ಗಿ ಬೆಟ್ಟದ ಕಡೆ ಹೋಗಿತ್ತು. ನನಗೇ ನಂಬಿಕೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಜಿಪಿಎಸ್ ಹಿಡಿದು ಮಾದಮ್ಮನ ಜೊತೆ ಹೋದೆ. ಅಳತೆಗೆ ಎಂದು ಕಾವಲುಗಾರನನ್ನು ಒಪ್ಪಿಸಿ ಒಳಗೆ ಹೋಗಿ, ಹುಲ್ಲಿನೊಳಗೆ ಹೂತಿದ್ದ ಮೂರು ಹಳೆಯ ಅಳತೆ ಕಲ್ಲು ಕೈಯಿಂದ ಕೆದಕಿ ತೆಗೆದೆ. ಮೂರೂ ಸರಿ ಹೊಂದಿದವು. ಗೆರೆ ಕೋಣೆಯ ಮುಂಬಾಗಿಲಿನಿಂದ ಒಳಗೆ ಹೋಗಿ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದ ಜಾಗದಿಂದ ಹೊರಗೆ ಬರುತ್ತಿತ್ತು. ಸರಪಳಿ ಎಳೆದವನ ಕಣ್ಣು ನನ್ನದು, ಅರ್ಧ ಅಡಿಯ ತಪ್ಪೂ ಇರಲಿಲ್ಲ.

ಸೋಮವಾರ ವಿಚಾರಣೆ. ಸೇಲಂನ ನಕ್ಷೆಗಾರ ಶೂ ಹಾಕಿಕೊಂಡು ಬಂದಿದ್ದ. ಅವನ ನಕ್ಷೆಯಲ್ಲಿ ಬಣ್ಣ ಬಹಳ ಚೆನ್ನಾಗಿತ್ತು, ದಾರಿ ಮಾತ್ರ ಇರಲಿಲ್ಲ. ನನ್ನ ನಕ್ಷೆಯನ್ನು ಎತ್ತಿ, "ನೀಂಗ ಎಂದ ಕಾಲೇಜ್?" ಎಂದು ಕೇಳಿದ. ಯಾವ ಕಾಲೇಜು ಎಂದು.

ನಾನು ಬಾಯಿ ತೆರೆಯುವ ಮೊದಲೇ ಮಾವ ತಮಿಳಿನಲ್ಲಿ ಉತ್ತರ ಕೊಟ್ಟರು. "ಸರಪಳಿ ಕಾಲೇಜು ಸಾರ್. ಹದಿನಾರು ವರ್ಷದ ಕೋರ್ಸು. ಅಲ್ಲಿ ಸೀಟು ಸುಲಭವಾಗಿ ಸಿಗುವುದಿಲ್ಲ."

ಅಧಿಕಾರಿ ಎಲ್ಲ ಲಗತ್ತುಗಳನ್ನೂ ನೋಡಿದರು. ಹಸಿರು ಸಾಲಿನ ಪ್ರಿಂಟನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಓದಿ, ಏನು ಇದು ಎಂದು ಕೇಳದೆ ಸಹಿ ಹಾಕಿದರು. ಮೂರು ಕಲ್ಲಿನ ಫೋಟೋ ನೋಡಿದರು. ಹಳೆಯ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡರು. ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ, ನಕ್ಷೆಯಲ್ಲಿ ತೋರಿಸಿದ ಅಗಲಕ್ಕೆ, ಹದಿನೈದು ದಿನದಲ್ಲಿ ದಾರಿ ತೆರೆಯಬೇಕು ಎಂದು ಆದೇಶವಾಯಿತು. ಮಾವ ಆದೇಶವನ್ನು ತಿರುಗಿಸಿ ನೋಡಿದರು. ಹಿಂದೆ ಪೆನ್ಸಿಲ್ ಗುರುತು ಏನೂ ಇರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡರು. ಬಿಸಿಲು ಎಂದರು.

ಬೇಲಿಯನ್ನು ಎರಡು ಕಡೆ ಕತ್ತರಿಸಿದರು. ಆದರೆ ಕೋಣೆ ಕಾಂಕ್ರೀಟಿನದು, ಅದರೊಳಗೆ ಕ್ಯಾಮೆರಾದ ಪೆಟ್ಟಿಗೆ, ವೈರು ಎಲ್ಲ ಇತ್ತು, ಒಡೆಯಲು ಸೇಲಂನವನಿಗೆ ಮನಸ್ಸು ಬರಲಿಲ್ಲ. ಆದೇಶದಲ್ಲಿ ದಾರಿ ತೆರೆಯಬೇಕು ಎಂದಿತ್ತೇ ಹೊರತು ಕೋಣೆ ಒಡೆಯಬೇಕು ಎಂದಿರಲಿಲ್ಲ. ಹದಿನಾಲ್ಕನೇ ದಿನ ಅವನು ಹಿಂದಿನ ಗೋಡೆ ಕೊರೆಸಿ ಇನ್ನೊಂದು ಬಾಗಿಲಿಟ್ಟ.

ಮೊದಲ ದಿನ ನಾನೂ ಮಾವನೂ ನೋಡಲು ಹೋಗಿದ್ದೆವು. ಆರು ಗಂಟೆ ಬೆಳಿಗ್ಗೆ. ಇಪ್ಪತ್ತಮೂರು ಹೆಂಗಸರು ಬುತ್ತಿ ಚೀಲ ಹಿಡಿದು ಸಾಲಾಗಿ ಬಂದರು. ಕಾವಲುಗಾರ ಒಳಗೆ ಸ್ಟೂಲಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ.

"ಏಳಪ್ಪ, ಎದ್ದೇಳು, ರೋಡು ಬಂತು," ಎಂದಳು ಮಾದಮ್ಮ. ಹಿಂದೆ ತಿರುಗಿ, "ನೋಡ್ರವ್ವ, ರೋಡ್ ನಡ್ಮದ್ಯ ಕುಂತ್ಕಂಡು ಇಡ್ಲಿ ತಿಂತಾವ್ನೆ, ಬಸ್ಸು ಬಂದ್ರೆ ಗತಿ ಏನು?"

ಅವನು ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಗೋಡೆಗೆ ಒರಗಿ ನಿಂತ. ಒಬ್ಬೊಬ್ಬರೇ ಮುಂಬಾಗಿಲಿಂದ ಒಳಗೆ ಹೋಗಿ ಹಿಂಬಾಗಿಲಿಂದ ಹೊರಗೆ ಬಂದು ಬೆಟ್ಟ ಹತ್ತಿದರು. ಬರುವವರೆಲ್ಲ ಸಹಿ ಹಾಕಬೇಕು ಎಂದು ಅವನು ಒಂದು ರಿಜಿಸ್ಟರ್ ಮುಂದಿಟ್ಟ. ಮಾವ ಅದನ್ನು ಮೆಲ್ಲಗೆ ಮುಚ್ಚಿ ಅವನ ಕಂಕುಳಿಗೆ ಸಿಕ್ಕಿಸಿದರು.

"ಇದು ರೋಡು ತಂಬಿ. ರೋಡಲ್ಲಿ ಸೈನ್ ಕೇಳ್ಬಾರ್ದು."

ಆಮೇಲೆ ಅವರೂ ಒಳಗೆ ಹೋದರು. ಹೋಗಿ ಬಂದರು. ಮತ್ತೆ ಹೋಗಿ ಬಂದರು. ನಾಲ್ಕನೇ ಸಲ ಬಂದು ನನ್ನ ಪಕ್ಕ ನಿಂತು ಉಸಿರು ಎಳೆದುಕೊಂಡರು.

"ಒಳ್ಗೆ ಫ್ಯಾನ್ ಬ್ಯಾರೆ ಐತೆ ಅಳಿಯ," ಎಂದರು. "ತಾಲೂಕಲ್ಲಿ ಇನ್ಯಾವ ಕಾಲ್ದಾರೀಗೂ ಫ್ಯಾನ್ ಇಲ್ಲ."

ಅಲ್ಲಿಂದ ಎಂಟು ತಿಂಗಳು ಬದುಕಿದ್ದರು. ಪೆನ್ನು ಕೆಳಗಿಡಲಿಲ್ಲ. ಕಾಲುದಾರಿಯ ಫ್ಯಾನು ಕೆಟ್ಟಾಗ ಅದರ ರಿಪೇರಿಗೂ ಒಂದು ಮನು ಬರೆದರು, ಅದೂ ಪಾಸಾಯಿತು. ಒಂದು ಸೋಮವಾರ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಾದಮ್ಮ ಸುದ್ದಿ ಕೇಳಿ ಬಂದಳು. ಆವತ್ತು ಅವಳು ಯಾವ ತಮಾಷೆಯನ್ನೂ ಮಾಡಲಿಲ್ಲ. ಮೇಸ್ತ್ರಿ ಹೆಸರು ಕೂಗುವಾಗ ಈಗ ನಾವೇ ಮೊದಲು ನಿಂತಿರುತ್ತೇವೆ ಎಂದಷ್ಟೇ ಹೇಳಿದಳು.

ಈಗ ನನ್ನ ಹತ್ತಿರ ಎರಡು ಕಂಪ್ಯೂಟರ್ ಇವೆ. ದೊಡ್ಡ ಕಾಗದದ ಪ್ರಿಂಟರ್ ಒಂದು, ಜಿಪಿಎಸ್ ಒಂದು, ಮೊಪೆಡ್ ಒಂದು. ಕೆಲಸಕ್ಕೆ ನನ್ನನ್ನೂ ಸೇರಿಸಿ ಮೂವರು. ಪ್ಲಗಿನ್ ಹತ್ತೊಂಬತ್ತು, ಹದಿನೆಂಟು ನಡೆಯುತ್ತವೆ. ಅಳೆದು ಬಿಡಿಸಿಕೊಟ್ಟ ದಾರಿ ಒಂದು: ಉದ್ದ ಮುನ್ನೂರ ಹನ್ನೆರಡು ಮೀಟರ್, ಅಗಲ ಮೂರಡಿ, ಬಾಗಿಲು ಎರಡು.